ಕರ್ನಾಟಕದಲ್ಲಿ 2018ರ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸಂಪುಟ ಹದಿನಾಲ್ಕೇ ತಿಂಗಳಲ್ಲಿ ಏಕೆ ಬಿತ್ತು, ಅದರಲ್ಲಿ ಕೊಡಗಿನವರು ಏಕಿರಲಿಲ್ಲ?

ಎರಡನೆಯದಕ್ಕೆ ಉತ್ತರ ಸರಳ: ಮಡಿಕೇರಿ, ವಿರಾಜಪೇಟೆ ಎರಡರಲ್ಲೂ ಗೆದ್ದವರು ವಿರೋಧ ಪಕ್ಷವಾದ ಬಿಜೆಪಿಯವರು. ಹಾಗಾಗಿ ಆ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದು ಜನ ಪರಿಹಾರ ಕೇಂದ್ರ ಸೇರಿದಾಗ, ಉಸ್ತುವಾರಿ ಸಚಿವರಾಗಿದ್ದವರು ಕೃಷ್ಣರಾಜನಗರದ ಶಾಸಕ ಸಾ.ರಾ. ಮಹೇಶ್.

ಮೊದಲನೆಯದರ ಬೇರು ಲೆಕ್ಕದಲ್ಲಿದೆ. ಬಿಜೆಪಿ 104 ಸ್ಥಾನ ಗೆದ್ದಿದ್ದರೂ, 78 ಸ್ಥಾನಗಳ ಕಾಂಗ್ರೆಸ್ 37 ಸ್ಥಾನಗಳ ಜೆಡಿಎಸ್‌ಗೆ ಮುಖ್ಯಮಂತ್ರಿ ಪದವಿ ಬಿಟ್ಟುಕೊಟ್ಟಿದ್ದರಿಂದ, 2018ರ ಮೇ 23ರಂದು ಎಚ್.ಡಿ. ಕುಮಾರಸ್ವಾಮಿ ಪ್ರಮಾಣವಚನ ಸ್ವೀಕರಿಸಿದರು. ಸಂವಿಧಾನದ 91ನೇ ತಿದ್ದುಪಡಿಯಂತೆ ಸಂಪುಟವು ಸದನದ ಶೇ. 15ನ್ನು ಮೀರುವಂತಿಲ್ಲ, 224 ಸದಸ್ಯರ ಸದನಕ್ಕೆ ಅದು 34. ಅದರಲ್ಲಿ ಕಾಂಗ್ರೆಸ್‌ಗೆ 22, ಜೆಡಿಎಸ್‌ಗೆ 12 ಎಂದು ಹಂಚಿಕೆಯಾದಾಗ ಆಕಾಂಕ್ಷಿಗಳು ಹೆಚ್ಚು, ಕುರ್ಚಿಗಳು ಕಡಿಮೆ ಎಂಬಂತಾಯಿತು. ನನ್ನ ದೃಷ್ಟಿಯಲ್ಲಿ, ಹಳೇ ಮೈಸೂರು ಭಾಗದಲ್ಲಿ ದಶಕಗಳಿಂದ ಪರಸ್ಪರ ಸೆಣಸಿದ್ದ ಕಾರ್ಯಕರ್ತರು ಒಂದಾಗದಿದ್ದುದು ಇದಕ್ಕಿಂತ ದೊಡ್ಡ ಬಿರುಕು. 2019ರ ಜುಲೈನಲ್ಲಿ ಎರಡೂ ಪಕ್ಷಗಳ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ಟು ಮುಂಬೈಯ ಹೋಟೆಲ್ ಸೇರಿದರು. 23ರಂದು ವಿಶ್ವಾಸಮತ 99–105ರಿಂದ ಬಿದ್ದುಹೋಯಿತು.