ಇಂಪ್ಲಾಂಟ್‌ಗೆ ಏಳು ದಿನದ ಆಂಟಿಬಯಾಟಿಕ್ ಬೇಕಾ?

ಪ್ರಶ್ನೆ: ನನಗೆ 52 ವರ್ಷ. ಕೆಳಗಿನ ದವಡೆಹಲ್ಲು ತೆಗೆಸಿ ಎಂಟು ತಿಂಗಳಾಯ್ತು, ಮುಂದಿನ ವಾರ ಇಂಪ್ಲಾಂಟ್ ಹಾಕಿಸಿಕೊಳ್ಳುತ್ತಿದ್ದೇನೆ. ಆಪರೇಷನ್ ಆದ ಸಂಜೆಯಿಂದ ಏಳು ದಿನ ಆಂಟಿಬಯಾಟಿಕ್ ತಗೊಳ್ಳಿ ಅಂತ ನಮ್ಮ ಡಾಕ್ಟರ್ ಚೀಟಿ ಬರೆದುಕೊಟ್ಟಿದ್ದಾರೆ. ಇಂಗ್ಲೆಂಡಿನಲ್ಲಿರುವ ನನ್ನ ಭಾವನಿಗೆ ಆಪರೇಷನ್‌ಗೆ ಒಂದು ಗಂಟೆ ಮೊದಲು ಒಂದೇ ಸಲ ಕೊಟ್ಟು ಮುಗಿಸಿದರಂತೆ. ಕಮ್ಮಿ ತಗೊಂಡು ಇಂಪ್ಲಾಂಟ್ ಬಿದ್ದುಹೋದರೆ ಅಂತ ಭಯ, ಜಾಸ್ತಿ ತಗೊಂಡು ಹೊಟ್ಟೆ ಕೆಟ್ಟರೆ ಅಂತಲೂ ಭಯ. ಯಾರು ಸರಿ?
— ದಾವಣಗೆರೆಯ ಓದುಗರು

ಉತ್ತರ: ನನ್ನ ವೋಟು ನಿಮ್ಮ ಭಾವನ ಡಾಕ್ಟರಿಗೆ. ಹಾಗಂತ ನಿಮ್ಮ ಡಾಕ್ಟರನ್ನು ಬೈಯುವ ಹಕ್ಕು ನನಗಿಲ್ಲ, ಯಾಕಂದ್ರೆ ವರ್ಷಗಟ್ಟಲೆ ನಾನೂ ಇದೇ ಚೀಟಿ ಬರೆದವಳು. ಕಾಲೇಜಲ್ಲಿ ಸೀನಿಯರ್‌ಗಳು ಬರೀತಿದ್ದರು, ನಾವೂ ಬರೆದೆವು. ‘ಇರ್ಲಿ ಬಿಡಿ, ಸೇಫ್ಟಿಗೆ’ ಅನ್ನೋದು ನಮ್ಮ ಕ್ಲಿನಿಕ್‌ಗಳಲ್ಲಿ ದಿನಾ ಕೇಳುವ ಮಾತು.

ನಿಮ್ಮ ಚೀಟಿಯಲ್ಲಿ ನನಗೆ ಚುಚ್ಚಿದ್ದು ‘ಏಳು ದಿನ’ಕ್ಕಿಂತ ‘ಸಂಜೆಯಿಂದ’ ಅನ್ನೋ ಪದ.

ಇಂಪ್ಲಾಂಟ್ ಅಂದ್ರೆ ಒಂದು ಟೈಟಾನಿಯಂ ಸ್ಕ್ರೂ. ಅದನ್ನು ಯಾವ ಅಂಟೂ ಹಿಡಿದಿರೋದಿಲ್ಲ, ಮೂಳೆಯೇ ಬೆಳೆದು ಕಚ್ಚಿಕೊಳ್ಳಬೇಕು. ಸ್ವೀಡನ್ನಿನ ಪರ್ ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಮೂಳೆಗೆ ಕೂರಿಸಿದ್ದ ಟೈಟಾನಿಯಂ ಸಾಧನವನ್ನು ವಾಪಸ್ ತೆಗೆಯಲು ಹೋದಾಗ ಅದು ಬರಲೇ ಇಲ್ಲ, ಮೂಳೆ ಅಷ್ಟು ಗಟ್ಟಿಯಾಗಿ ಹಿಡಿದಿತ್ತು. ಅಲ್ಲಿಂದ ಶುರುವಾಗಿ 1965ರಲ್ಲಿ ಮೊದಲ ರೋಗಿಯ ದವಡೆಗೆ ಇಂಪ್ಲಾಂಟ್ ಬಂತು. ಈ ಕಚ್ಚಿಕೊಳ್ಳುವ ಕೆಲಸಕ್ಕೆ ಕೆಲವು ತಿಂಗಳು ಬೇಕು. ಅಷ್ಟರೊಳಗೆ, ಅಂದ್ರೆ ಮೇಲೆ ಕ್ಯಾಪ್ ಕೂರಿಸುವ ಮೊದಲೇ ಸ್ಕ್ರೂ ಸಡಿಲವಾದರೆ ಅದನ್ನು ನಾವು ಆರಂಭದ ಸೋಲು ಅಂತೀವಿ. ನಿಮಗಿರುವ ಭಯ ಇದೇ.

ಬಾಯಿಯನ್ನು ಎಷ್ಟು ತೊಳೆದರೂ ಬ್ಯಾಕ್ಟೀರಿಯಾ ಪೂರ್ತಿ ಹೋಗೋದಿಲ್ಲ. ವಸಡು ಸೀಳಿ, ಮೂಳೆ ಕೊರೆದು, ಸ್ಕ್ರೂ ತಿರುಗಿಸುವ ಆ ಹೊತ್ತಲ್ಲಿ ಎಂಜಲಿನ ಜೊತೆ ಒಂದಷ್ಟು ಒಳಗೆ ಇಳಿದೇ ಇಳಿಯುತ್ತವೆ. ಲೋಹಕ್ಕೆ ಅಂಟಿಕೊಂಡು ಮೇಲೊಂದು ಲೋಳೆ ಪದರ ಕಟ್ಟಿಕೊಂಡವು ಅಂದ್ರೆ ಮುಗೀತು, ಆಮೇಲೆ ಮಾತ್ರೆ ಅಲ್ಲಿಗೆ ಸರಿಯಾಗಿ ತಲುಪೋದಿಲ್ಲ. ಲೋಹದೊಳಗೆ ರಕ್ತ ಹರಿಯಲ್ಲ ಅಲ್ವಾ? ಹಾಗಾಗಿ ಕೊರೆಯುವ ಹೊತ್ತಿಗೆ ಔಷಧ ರಕ್ತದಲ್ಲಿ ಆಗಲೇ ಇರಬೇಕು. ಇದು ಹೊಸ ವಿಷಯವೇನಲ್ಲ. 1961ರಲ್ಲಿ ಅಮೆರಿಕದ ಸರ್ಜನ್ ಜಾನ್ ಬರ್ಕ್ ಗಿನಿಪಿಗ್‌ಗಳ ಚರ್ಮಕ್ಕೆ ಬ್ಯಾಕ್ಟೀರಿಯಾ ಚುಚ್ಚಿ ನೋಡಿದರು. ಔಷಧ ಮೊದಲೇ ಸಿಕ್ಕಿದ್ದವುಗಳಲ್ಲಿ ಸೋಂಕು ಚೆನ್ನಾಗಿ ತಗ್ಗಿತ್ತು. ಚುಚ್ಚಿ ಮೂರು ಗಂಟೆ ಕಳೆದ ಮೇಲೆ ಕೊಟ್ಟರೆ, ಕೊಟ್ಟರೂ ಒಂದೇ ಕೊಡದಿದ್ದರೂ ಒಂದೇ ಅನ್ನುವಂತಾಯಿತು. ಬೆಳಗ್ಗೆ ಇಂಪ್ಲಾಂಟ್ ಹಾಕಿಸಿಕೊಂಡು ಸಂಜೆ ಮೊದಲ ಮಾತ್ರೆ ನುಂಗೋದು ಎಷ್ಟು ತಡ ಅಂತ ಈಗ ನೀವೇ ಲೆಕ್ಕ ಹಾಕಿ.

ಇನ್ನು ಅಂಕಿ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆ 6 ಅಧ್ಯಯನಗಳ 1162 ರೋಗಿಗಳನ್ನು ಒಟ್ಟಿಗೆ ನೋಡಿತು. ಅದರ ಲೆಕ್ಕದಲ್ಲಿ, ಆಂಟಿಬಯಾಟಿಕ್ ಇಲ್ಲದೆ 100 ಜನರಲ್ಲಿ 6 ಜನರ ಇಂಪ್ಲಾಂಟ್ ಸೋತರೆ, ಕೊಟ್ಟಾಗ ಸೋಲೋದು ಸುಮಾರು 2 ಜನರದ್ದು. ಅಂದ್ರೆ 25 ಜನಕ್ಕೆ ಕೊಟ್ಟರೆ ಒಬ್ಬರು ಬಚಾವ್, ಮಿಕ್ಕ 24 ಜನ ಸುಮ್ನೆ ನುಂಗಿದ ಹಾಗೆ. ಅವರು ಸೂಚಿಸಿದ್ದು ಒಂದು ಗಂಟೆ ಮೊದಲು 2 ಗ್ರಾಂ ಅಮಾಕ್ಸಿಸಿಲಿನ್, ಒಂದೇ ಸಲ. 500ರ ಕ್ಯಾಪ್ಸೂಲ್ ಆದರೆ ನಾಲ್ಕು. ಅದರ ಮೇಲೆ ಐದು ದಿನ, ಏಳು ದಿನ ಮುಂದುವರಿಸಿದರೆ ಆರೋಗ್ಯವಂತರಿಗೆ ಇನ್ನಷ್ಟು ಲಾಭ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಮೋಸವಾಗುತ್ತೆ. 2022ರಲ್ಲಿ ಸ್ವೀಡನ್ನಿನ ಹಲವು ಕ್ಲಿನಿಕ್‌ಗಳು ಸೇರಿ ಮಾಡಿದ ಅಧ್ಯಯನದಲ್ಲಿ ಆ ಒಂದು ಡೋಸಿಗೂ ಔಷಧವೇ ಇಲ್ಲದ ಸುಳ್ಳು ಮಾತ್ರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಆರೋಗ್ಯವಂತರಿಗೆ, ಒಂದೇ ಸುಲಭದ ಇಂಪ್ಲಾಂಟ್ ಇದ್ದಾಗ, ಅದೂ ಬೇಡ ಅನ್ನುವವರಿದ್ದಾರೆ. ನಾನಿನ್ನೂ ಒಂದು ಡೋಸ್ ಕೊಡುತ್ತೇನೆ. ಏಳು ದಿನದ್ದು ಬಿಟ್ಟಿದ್ದೇನೆ. ಮೂಳೆ ಕಸಿ ಮಾಡುವಾಗ, ಅಥವಾ ಜಾಗದಲ್ಲಿ ಮೊದಲೇ ಕೀವಿದ್ದಾಗ ಲೆಕ್ಕ ಬೇರೆ, ಅದನ್ನು ಬಾಯಿ ನೋಡಿದ ಡಾಕ್ಟರೇ ಹೇಳಬೇಕು.

ನಿಮ್ಮ ಹೊಟ್ಟೆಯ ಭಯ ಸುಳ್ಳಲ್ಲ. ಭೇದಿ, ಮೈಮೇಲೆ ದದ್ದು ಎರಡೂ ಬರಬಹುದು. ಮಾತ್ರೆ ಶೀಟಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ನೋಡಿದ್ದೀರಾ? ಚೀಟಿ ಇಲ್ಲದೆ ಆಂಟಿಬಯಾಟಿಕ್ ನುಂಗಬೇಡಿ ಅಂತ ಕೇಂದ್ರ ಸರ್ಕಾರ 2016ರಲ್ಲಿ ಆ ಗೆರೆಯ ಬಗ್ಗೆ ಪ್ರಚಾರ ಶುರುಮಾಡಿತು. ಚೀಟಿ ಬರೆಯುವ ನಮಗೂ ಅಂಥದ್ದೊಂದು ಗೆರೆ ಎಳೆಯಬೇಕಿತ್ತು ಅನಿಸುತ್ತೆ ಕೆಲವೊಮ್ಮೆ.

ಹಾಗಂತ ನೀವೇ ಮೆಡಿಕಲ್‌ಗೆ ಹೋಗಿ ನಾಲ್ಕು ಕ್ಯಾಪ್ಸೂಲ್ ಕೊಂಡು ನುಂಗಬೇಡಿ, ಬರೆದದ್ದನ್ನು ಹೇಳದೆ ಬಿಡಲೂಬೇಡಿ. ಫೋನ್ ಮಾಡಿ, ‘ಡಾಕ್ಟ್ರೇ, ಆಪರೇಷನ್‌ಗೆ ಮೊದಲು ಒಂದು ಡೋಸ್ ಬೇಡ್ವಾ? ಆಮೇಲಿಂದು ನನಗೆ ಯಾಕೆ ಬೇಕು?’ ಅಂತ ಕೇಳಿ. ಒಳ್ಳೆ ಡಾಕ್ಟರ್ ಸಿಟ್ಟಾಗಲ್ಲ. ಜೊತೆಗೆ ಇದನ್ನೂ ನೋಡಿಕೊಳ್ಳಿ: ಶುಗರ್ ಇದ್ದರೆ ಹತೋಟಿಯಲ್ಲಿದೆಯಾ, ಸಿಗರೇಟು ಸೇದುತ್ತೀರಾ, ಉಳಿದ ಹಲ್ಲುಗಳ ಸುತ್ತ ವಸಡಿನಿಂದ ರಕ್ತ ಬರುತ್ತಾ. ಕೊರೆಯುವಾಗ ಮೂಳೆ ಒಂದು ನಿಮಿಷ 47 ಡಿಗ್ರಿ ಕಾದರೂ ಪೆಟ್ಟು ತಿನ್ನುತ್ತೆ, ನೀರು ಚಿಮುಕಿಸುತ್ತಾ ಕೊರೆಯೋದು ಅದಕ್ಕೇ. ಸುಟ್ಟ ಮೂಳೆಗೆ ಯಾವ ಮಾತ್ರೆಯೂ ಇಲ್ಲ.

ಪ್ರಶ್ನೆ: ಚಿಕ್ಕವಳಿದ್ದಾಗ ಪೆನಿಸಿಲಿನ್ ಆಗಲ್ಲ ಅಂತ ಯಾರೋ ಹೇಳಿದ್ದು ನೆನಪು. ನಾನು ಇಂಪ್ಲಾಂಟ್ ಹಾಕಿಸಿಕೊಳ್ಳಬಹುದಾ?

ಉತ್ತರ: ಹಾಕಿಸಿಕೊಳ್ಳಬಹುದು, ಆದರೆ ಮೇಲೆ ಹೇಳಿದ ಅಮಾಕ್ಸಿಸಿಲಿನ್ ಕೂಡ ಪೆನಿಸಿಲಿನ್ ಗುಂಪಿನದೇ, ಹಾಗಾಗಿ ಮೊದಲು ಅಮ್ಮನನ್ನೋ ಅಜ್ಜಿಯನ್ನೋ ಕೇಳಿ: ಆಗ ಏನಾಗಿತ್ತು? ಬರೀ ವಾಂತಿಯಾ, ಅಥವಾ ಮುಖ ಊದಿ ಉಸಿರು ಕಟ್ಟಿತ್ತಾ? ಪೆನಿಸಿಲಿನ್ ಅಲರ್ಜಿ ಇದೆ ಅನ್ನುವವರನ್ನು ಸರಿಯಾಗಿ ಪರೀಕ್ಷಿಸಿದರೆ 10ರಲ್ಲಿ ಸುಮಾರು 9 ಜನರಿಗೆ ಇರೋದೇ ಇಲ್ಲ. ಇದು ಮುಖ್ಯ, ಯಾಕಂದ್ರೆ ಈ ಹಣೆಪಟ್ಟಿ ಇರುವವರಲ್ಲಿ ಇಂಪ್ಲಾಂಟ್ ಸೋಲು ಜಾಸ್ತಿ ಅಂತ ಒಂದಕ್ಕಿಂತ ಹೆಚ್ಚು ಅಧ್ಯಯನಗಳಲ್ಲಿ ಕಂಡಿದೆ. ಬದಲಿಯಾಗಿ ಕೊಡುತ್ತಿದ್ದ ಕ್ಲಿಂಡಾಮೈಸಿನ್‌ಗೆ ಕರುಳಿನ ತೊಂದರೆಯ ಅಪಾಯ ಇದೆ. ಹೃದಯದ ಸೋಂಕು ತಡೆಯಲು ಹಲ್ಲಿನ ಚಿಕಿತ್ಸೆಗೆ ಮೊದಲು ಅದನ್ನು ಕೊಡಬೇಡಿ ಅಂತ 2021ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನೇ ಹೇಳಿತು. ಇಂಪ್ಲಾಂಟ್‌ಗೆ ಅವಸರವಿಲ್ಲ, ಮೊದಲು ಅಲರ್ಜಿ ಡಾಕ್ಟರನ್ನು ನೋಡಿ ಬನ್ನಿ.

ಪ್ರಶ್ನೆ: ಇಂಪ್ಲಾಂಟ್ ಹಾಕಿಸಿ ಐದು ವಾರ. ನಾಲಿಗೆಗೆ ಅಲುಗಾಡಿದ ಹಾಗೆ ಅನಿಸುತ್ತೆ. ಉಳಿದಿರೋ ಆಂಟಿಬಯಾಟಿಕ್ ಇನ್ನೊಂದು ಕೋರ್ಸ್ ತಗೊಳ್ಳಲಾ?

ಉತ್ತರ: ಬೇಡ. ನಾಳೆಯೇ ಹೋಗಿ ತೋರಿಸಿ. ಎಷ್ಟೋ ಸಲ ಅಲುಗಾಡೋದು ಇಂಪ್ಲಾಂಟ್ ಅಲ್ಲ, ಅದರ ಮೇಲೆ ಹಾಕಿರುವ ಚಿಕ್ಕ ಮುಚ್ಚಳ. ಒಂದು ನಿಮಿಷದಲ್ಲಿ ಬಿಗಿ ಮಾಡಿ ಕಳಿಸುತ್ತಾರೆ. ನಿಜವಾಗಿ ಸ್ಕ್ರೂನೇ ಅಲುಗಾಡುತ್ತಿದ್ದರೆ ಮೂಳೆ ಕಚ್ಚಿಲ್ಲ ಅಂತ ಅರ್ಥ, ಮಾತ್ರೆಯಿಂದ ಅದು ಕಚ್ಚೋದೂ ಇಲ್ಲ. ತೆಗೆದು, ಜಾಗ ತುಂಬಿಕೊಳ್ಳಲು ಕೆಲವು ತಿಂಗಳು ಬಿಟ್ಟು, ಮತ್ತೆ ಹಾಕುತ್ತಾರೆ. ಎರಡನೇ ಸಲದ ಖರ್ಚು ಯಾರದ್ದು ಅಂತ ತೆಗೆಸುವ ಮೊದಲೇ ಮಾತಾಡಿಕೊಳ್ಳಿ.