ವಿದೇಶದ ಚೇಂಬರ್ ಮ್ಯೂಸಿಕ್ (ಕೆಲವೇ ವಾದಕರು ಕೂಡಿ ನುಡಿಸೋ ಪಾಶ್ಚಾತ್ಯ ಸಂಗೀತ) ಉತ್ಸವಕ್ಕೆ ಹೋದರೆ ನಮ್ಮಂಥವರಿಗೆ ಏನಾದ್ರೂ ಉಪಯೋಗ ಇದೆಯಾ?

ಕರ್ನಾಟಕ ಸಂಗೀತದಲ್ಲಿ ಪಿಟೀಲು ಕಲಿತು, ಆಮೇಲೆ ಪಾಶ್ಚಾತ್ಯ ಸಂಗೀತಕ್ಕೆ ಬಂದವರು ಅಷ್ಟು ದುಡ್ಡು ಹಾಕಿ ಹೋಗಬೇಕಾ ಅಂತ ಕೇಳಿದ್ದೀರಿ. ನಾನೂ ಅದೇ ದಾರಿಯಲ್ಲಿ ಬಂದವನು, ಬೆಂಗಳೂರಿನವನು, ಈಗ ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ವಿಯೋಲಾ ನುಡಿಸ್ತೇನೆ. ಫಿನ್ಲೆಂಡಿನ ಕುಹ್ಮೊ ಉತ್ಸವದ ಹೊತ್ತಿಗೆ ವಿದ್ಯಾರ್ಥಿಗಳಿಗೆ ನಡೆಯುವ ಕೋರ್ಸಿಗೆ ಹೋಗಿದ್ದೆ. ಹೋಗಿ ಅಂತಲೇ ಹೇಳ್ತೇನೆ, ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ.

ಕುಹ್ಮೊ ಅಂದ್ರೆ ರಷ್ಯಾ ಗಡಿ ಹತ್ತಿರದ ಪುಟ್ಟ ಊರು. ಹೆಲ್ಸಿಂಕಿಯಿಂದ ಕಯಾನಿವರೆಗೆ ರೈಲು, ಅಲ್ಲಿಂದ ಬಸ್ಸು, ಎರಡೂ ಕಡೆ ಬರೀ ಕಾಡು. ಸೆಪ್ಪೊ ಕಿಮನೆನ್ ಅನ್ನೋ ಚೆಲ್ಲೋ (ಕೂತು ಕಾಲುಗಳ ನಡುವೆ ಹಿಡಿಯೋ ದೊಡ್ಡ ಪಿಟೀಲು) ವಾದಕ 1970ರಲ್ಲಿ ಇಂಥ ಮೂಲೆಯಲ್ಲಿ ಉತ್ಸವ ಶುರುಮಾಡಿದರು. ಈಗ ಪ್ರತಿ ಜುಲೈನಲ್ಲಿ ಎರಡು ವಾರ, ಬೆಳಿಗ್ಗೆಯಿಂದ ರಾತ್ರಿವರೆಗೆ ಕಛೇರಿಗಳು. ರಾತ್ರಿ ಹತ್ತೂವರೆಗೆ ಹೊರಗೆ ಬಂದರೂ ಬೆಳಕಿರುತ್ತೆ, ಸೊಳ್ಳೆಗಳೂ ಇರ್ತವೆ.

ನಮ್ಮ ಗುಂಪಿಗೆ ಕೊಟ್ಟಿದ್ದು ಚೆಕ್ ಸಂಯೋಜಕ ದ್ವೊರ್ಝಾಕ್ 1893ರಲ್ಲಿ ಅಮೆರಿಕದಲ್ಲಿದ್ದಾಗ ಬರೆದ ಎಫ್ ಮೇಜರ್ ಕ್ವಾರ್ಟೆಟ್, ಅಂದ್ರೆ ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೋ ಸೇರಿ ನುಡಿಸೋ ಕೃತಿ. ಪಿಟೀಲುಗಳು ಮೆಲ್ಲಗೆ ನಡುಗ್ತಾ ಇರ್ತವೆ, ಚೆಲ್ಲೋ ನಮ್ಮ ತಂಬೂರಿ ಥರ ಒಂದೇ ಎಫ್ ಸ್ವರ ಹಿಡಿದಿರುತ್ತೆ, ಅದರ ಮೇಲೆ ಮೊದಲ ರಾಗ ಎತ್ತೋದು ವಿಯೋಲಾ. ಎಫ್ ಅನ್ನು ಷಡ್ಜ ಮಾಡಿಕೊಂಡು ನೋಡಿ, ಸ ರಿ ಗ ಪ ದ, ಐದೇ ಸ್ವರ. ಮೋಹನ! ಎಷ್ಟೋ ವರ್ಷ ಮೋಹನ ವರ್ಣ ತೀಡಿದ ಕೈ, ತಾನಾಗೇ ರಿಷಭದಲ್ಲಿ ಗಮಕಕ್ಕೆ ಜಾರಿತು. ಎರಡನೇ ಪಿಟೀಲಿನ ಹುಡುಗಿ ಕಿಸಕ್ಕನೆ ನಕ್ಕಳು. ಸ್ವಲ್ಪ ಮುಂದೆ ಹೋದರೆ ಷಡ್ಜವೇ ಜಾಗ ಬಿಟ್ಟು ಹೊರಡುತ್ತೆ, ಗಾಂಧಾರವಾಗಿದ್ದ ಎ ಹೋಗಿ ಷಡ್ಜ ಆಗಿ ಕೂರುತ್ತೆ. ಅವೇ ಸ್ವರಗಳನ್ನು ಇಟ್ಟುಕೊಂಡು ಷಡ್ಜ ಮಾತ್ರ ಬದಲಿಸೋ ಗ್ರಹಭೇದ ಅಂತ ಸಮಾಧಾನ ಮಾಡ್ಕೊಳ್ಳೋಣ ಅಂದ್ರೆ ಅದೂ ಅಲ್ಲ, ಸ್ವರಗಳೇ ಬೇರೆ ಬಂದಿರ್ತವೆ.

ಶ್ರುತಿಯದ್ದು ಹೇಗೋ ನಿಭಾಯಿಸಿದೆ. ತಾಳದ್ದು ಆಗಲಿಲ್ಲ. ಗೊತ್ತಿಲ್ಲದೇ ಬಲಗಾಲಲ್ಲಿ ತಟ್ಟೋದು ನನ್ನ ಹಳೇ ಚಾಳಿ. ಎರಡನೇ ದಿನ ಮೇಷ್ಟ್ರು ನುಡಿಸೋದನ್ನು ನಿಲ್ಲಿಸಿ, ಬ್ರೆಡ್ಡಿನ ಖಾಲಿ ಪ್ಲಾಸ್ಟಿಕ್ ಕವರ್ ತಂದು ನನ್ನ ಪಾದದಡಿ ಹಾಸಿದರು. ಇದು ಸದ್ದು ಮಾಡಬಾರದು, ಈಗ ನುಡಿಸು ಅಂದರು. ನುಡಿಸಿದೆ. ಚರ್ ಚರ್ ಚರ್. ಮೂರನೇ ಸಲವೂ ಅದೇ, ನಾಚಿಕೆ ಆಗಿ ಕಾಲು ಕುರ್ಚಿ ಕೆಳಗೆ ಮಡಚಿಕೊಂಡೆ. ಆಗ ತಾಳಕ್ಕೆ ಹಿಡಿದುಕೊಳ್ಳೋಕೆ ಏನೂ ಇಲ್ಲ, ಮೃದಂಗ ಇಲ್ಲ, ಕೋಲು ಹಿಡಿದು ಮುಂದೆ ನಿಲ್ಲೋರೂ ಇಲ್ಲ. ಬೇರೆ ದಾರಿಯಿಲ್ಲದೆ ಮೊದಲ ಪಿಟೀಲಿನವನ ಮೂಗಿನ ಕಡೆ ಕಿವಿ ಹೋಯ್ತು. ಕಮಾನು ಇಳಿಸೋ ಮುಂಚೆ ಅವನು ಸೂಕ್ಷ್ಮವಾಗಿ ಉಸಿರು ಎಳೆದುಕೊಳ್ಳುತ್ತಿದ್ದ, ಆ ಉಸಿರಿನ ಉದ್ದದಲ್ಲೇ ಲಯ ಎಷ್ಟು ಅಂತ ಇರ್ತಿತ್ತು. ಎರಡು ದಿನದಿಂದ ಮಾರು ದೂರದಲ್ಲಿ ಕೂತಿದ್ದರೂ ನಾನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಇದು ಯೂಟ್ಯೂಬಿನಲ್ಲಿ ಸಿಗಲ್ಲ, ಒಬ್ಬರೇ ಎಂಟು ಗಂಟೆ ಸಾಧನೆ ಮಾಡಿದರೂ ಸಿಗಲ್ಲ, ಬೆಂಗಳೂರಲ್ಲೇ ನಾಲ್ಕು ಜನ ಸೇರಿ ದಿನಾ ಕೂತರೆ ಸಿಗಬಹುದು, ಆದರೆ ಟ್ರಾಫಿಕ್ ದಾಟಿ ದಿನಾ ಯಾರು ಬರ್ತಾರೆ ಹೇಳಿ?

ದೊಡ್ಡವರ ಪರಿಚಯ ಆಗುತ್ತೆ, ಅವಕಾಶ ಸಿಗುತ್ತೆ ಅಂತ ಹೋಗ್ಬೇಡಿ, ನನಗಂತೂ ಏನೂ ಸಿಗಲಿಲ್ಲ.

ಅಲ್ಲಿ ಊಟ ಹೇಗೆ ಅಂತಲೂ ಕೇಳಿದ್ರಲ್ಲ, ಸಸ್ಯಾಹಾರಿಗಳಿಗೆ ಆಲೂಗಡ್ಡೆ ಜಾಸ್ತಿ. ಕರೇಲಿಯನ್ ಪೈ ಅಂತ ಸಿಗುತ್ತೆ, ರೈ ಹಿಟ್ಟಿನ ತೆಳು ದೋಣಿಯೊಳಗೆ ಹಾಲಲ್ಲಿ ಬೇಯಿಸಿದ ಅನ್ನ, ನನಗೆ ಹಿಡಿಸಿತು. ಅದರ ಮೇಲೆ ಮೊಟ್ಟೆ ಕಲಸಿದ ಬೆಣ್ಣೆ ಹಾಕ್ತಾರೆ, ತಿನ್ನಲ್ಲ ಅಂದ್ರೆ ಮೊದಲೇ ಹೇಳಿ. ಉಪ್ಪಿನಕಾಯಿ ನಾನು ಒಯ್ದಿರಲಿಲ್ಲ, ನೀವು ಒಯ್ಯಿರಿ.