ಕೈ ಎತ್ತದವನು ನಾಯಕನೇ?

ಮಾನ್ಯರೇ, ನಮಸ್ಕಾರ.

ಶಿರಾ ತಾಲ್ಲೂಕಿನಿಂದ ನೀವು ಸಿಟ್ಟಿನಲ್ಲಿ ಬರೆದ ಮೂರು ಪುಟಗಳನ್ನು ಎರಡು ಸಲ ಓದಿದೆ. ಕಳೆದ ಸಂಚಿಕೆಯ ಕಥೆಯಲ್ಲಿ ಕೊಳವೆಬಾವಿಗೆ ಪೈಪು ಇಳಿಸುವ ಕೂಲಿಯೊಬ್ಬ ಸಂತೆಯ ನಡುವೆ ಸಾಲ ಕೊಟ್ಟವನಿಂದ ಕೆನ್ನೆಗೆ ಏಟು ತಿನ್ನುತ್ತಾನೆ. ತಿರುಗಿ ಹೊಡೆಯುವುದಿಲ್ಲ. ಬಿದ್ದ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ‘ಬಡ್ಡಿ ಲೆಕ್ಕವನ್ನು ಎಲ್ಲರೆದುರು ಓದಿ’ ಎಂದು ಅಲ್ಲೇ ನಿಲ್ಲುತ್ತಾನೆ. ‘ಹೇಡಿಯನ್ನು ನಾಯಕ ಮಾಡಿದ್ದೀರಿ. ನಮ್ಮೂರ ನಾಟಕದಲ್ಲಿ ಭೀಮ ಗದೆ ಎತ್ತಿದರೆ ಮಕ್ಕಳು ಎದ್ದು ನಿಲ್ಲುತ್ತಾರೆ, ನಿಮ್ಮ ಕಥೆ ಓದಿ ಯಾರು ಎದ್ದು ನಿಲ್ಲುತ್ತಾರೆ?’ ಎಂದು ಕೇಳಿದ್ದೀರಿ.

ಭೀಮನ ಮಾತೆತ್ತಿದ್ದು ಒಳ್ಳೆಯದಾಯಿತು. ನಾನೂ ಗುಬ್ಬಿ ಕಡೆಯ ಹಳ್ಳಿಯಲ್ಲಿ ಚಾಪೆ ಹಾಸಿಕೊಂಡು ಬೆಳಗಿನವರೆಗೆ ಕುರುಕ್ಷೇತ್ರ ನಾಟಕ ನೋಡಿ ಬೆಳೆದವನು. ಒಂದು ವರ್ಷ ನಮ್ಮೂರಲ್ಲಿ ತೆಂಗಿನಕಾಯಿ ಸುಲಿಯುವ ಸಣಕಲು ಆಳೊಬ್ಬ ದುರ್ಯೋಧನನ ಪಾತ್ರಕ್ಕೆ ದುಡ್ಡು ಕಟ್ಟಿ, ಎರಡು ತಿಂಗಳು ಶಾಲೆಯ ಜಗಲಿಯಲ್ಲಿ ತಾಲೀಮು ಮಾಡಿದ್ದ. ಗದಾಯುದ್ಧದ ಹೊತ್ತಿಗೆ ಕೋಳಿ ಕೂಗಿತ್ತು. ತೊಡೆ ಮುರಿದು ಬಿದ್ದವನ ಮುಖದ ಬಣ್ಣ ಬೆವರಿಗೆ ಕರಗಿ ಕೊರಳಿಗೆ ಇಳಿದಿತ್ತು, ಹಾರ್ಮೋನಿಯಂ ಮಾಸ್ತರು ಶ್ರುತಿ ಹಿಡಿದು ಕಾಯುತ್ತಿದ್ದರು. ಅವನು ಒಂದು ಮೊಣಕೈ ಊರಿಕೊಂಡೇ ಹಾಡಿದ. ಅರ್ಧ ಗಂಟೆಯ ಹಿಂದೆ ಭೀಮನಿಗೆ ಒನ್ಸ್‌ಮೋರ್ ಕೂಗಿದ್ದ ಜನ ಉಸಿರು ಬಿಡದೆ ಕುಳಿತಿದ್ದರು. ಪಕ್ಕದಲ್ಲಿ ನಮ್ಮಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೆಟ್ಟವನಿಗೆ ಯಾಕೆ ಅಳುತ್ತೀಯ ಎಂದೆ. ‘ಬಗ್ಗಲಿಲ್ಲವಲ್ಲಪ್ಪ ಅವನು’ ಎಂದಳು.

ಈ ಗದಾಯುದ್ಧವನ್ನೇ ಕಾವ್ಯವಾಗಿಸಿದ ಹಳಗನ್ನಡದ ಕವಿ ರನ್ನನಿಗೂ ಹೀಗೇ ಆಗಿರಬೇಕು. ಕಾವ್ಯಕ್ಕೆ ‘ಸಾಹಸಭೀಮವಿಜಯ’ ಎಂದು ಹೆಸರಿಟ್ಟ. ಆಶ್ರಯ ಕೊಟ್ಟ ಚಾಳುಕ್ಯ ದೊರೆ ಸತ್ಯಾಶ್ರಯನನ್ನೇ ಭೀಮನನ್ನಾಗಿ ಕಂಡ. ಆದರೂ ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು, ಸಂಜಯನೊಬ್ಬನ ಆಸರೆಯಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನ. ಅಭಿಮನ್ಯುವಿನ ಹೆಣದ ಮುಂದೆ ಅವನು ನಿಲ್ಲುತ್ತಾನೆ. ಸತ್ತವನು ವೈರಿಯ ಮಗ, ಕೊಂದವರು ತನ್ನ ಕಡೆಯವರು. ನಿನ್ನ ಸಾಹಸದ ಒಂದಂಶವಾದರೂ ಇರುವ ಸಾವು ನನಗೆ ಬರಲಿ ಎಂದು ಆ ಹುಡುಗನನ್ನೇ ಪ್ರಾರ್ಥಿಸುತ್ತಾನೆ. ಅಲ್ಲಿ ಅವನು ಗದೆ ಎತ್ತುವುದಿಲ್ಲ. ಇಡೀ ಕಾವ್ಯದಲ್ಲಿ ಅವನು ಅಷ್ಟು ಎತ್ತರಕ್ಕೆ ಬೆಳೆದು ನಿಲ್ಲುವ ಇನ್ನೊಂದು ಗಳಿಗೆ ನನಗಂತೂ ಕಾಣುವುದಿಲ್ಲ.

ಪಂಪ ಇದನ್ನು ಇನ್ನೂ ಮೊದಲೇ, ಸಾವಿರ ವರ್ಷಕ್ಕೂ ಹಿಂದೆ, ಬಿಡಿಸಿಟ್ಟಿದ್ದ. ‘ಛಲದೊಳ್ ದುರ್ಯೋಧನಂ, ನನ್ನಿಯೊಳಿನತನಯಂ, ಗಂಡಿನೊಳ್ ಭೀಮಸೇನಂ, ಬಲದೊಳ್ ಮದ್ರೇಶಂ’ ಎಂದು ಶುರುವಾಗುವ ಪದ್ಯವನ್ನು ನೀವೂ ಓದಿರುತ್ತೀರಿ. ಛಲ ಒಬ್ಬನದು, ಕರ್ಣನದು ಸತ್ಯ, ಭೀಮನದು ಗಂಡುತನ. ‘ಬಲ’ವೆಂಬ ಮಾತು ಮಾತ್ರ ಭೀಮನಿಗೆ ಸಲ್ಲದೆ, ಮಕ್ಕಳು ಯಾರೂ ಹೆಸರು ಹಿಡಿದು ಕೂಗದ ಮದ್ರ ದೇಶದ ದೊರೆ ಶಲ್ಯನಿಗೆ ಸಂದಿದೆ! ಒಬ್ಬೊಬ್ಬನ ಹಿರಿಮೆಗೂ ಬೇರೆ ಬೇರೆ ಮಾತು ಹುಡುಕಿಕೊಟ್ಟ ಭಾಷೆ ನಮ್ಮದು. ಇಂದಿನ ಕಥೆಗಳ ನಾಯಕರನ್ನು ತೋಳಿನ ಸುತ್ತಳತೆಯಿಂದ ಅಳೆಯಲು ಹೊರಟರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಮ್ಮ ಕೂಲಿಯವನು ತಿರುಗಿ ಹೊಡೆದಿದ್ದರೆ ಸಂತೆಯವರು ಬಿಡಿಸಲು ಓಡಿಬರುತ್ತಿದ್ದರು, ಮಾತೆಲ್ಲ ಜಗಳದ ಸುತ್ತ ತಿರುಗುತ್ತಿತ್ತು, ಲೆಕ್ಕದ ಪುಸ್ತಕ ಚೀಲದಿಂದ ಹೊರಗೇ ಬರುತ್ತಿರಲಿಲ್ಲ. ಹೊಡೆದವನಿಗೆ ಬೇಕಾಗಿದ್ದದ್ದೂ ಅದೇ. ಆದ್ದರಿಂದ ಹೇಡಿ ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ.

ಒಂದು ವಿಷಯದಲ್ಲಿ ಮಾತ್ರ ತಪ್ಪು ನನ್ನದು. ಹೊಡೆಯುವ ಶಕ್ತಿಯೇ ಇಲ್ಲದವನು ಸುಮ್ಮನಿದ್ದರೆ ಅದರಲ್ಲಿ ಏನು ದೊಡ್ಡತನ ಎಂದು ನೀವು ಕೇಳಿದ್ದೀರಿ. ಅವನಿಗೆ ಶಕ್ತಿಯಿತ್ತು. ಲೇಖಕರು ಅದನ್ನು ಬರೆದೂ ಇದ್ದರು. ಪುಟಕ್ಕೆ ಹೊಂದಿಸುವಾಗ ನಾನೇ ಆ ಸಾಲುಗಳನ್ನು ತೆಗೆದೆ, ತೆಗೆಯಬಾರದಿತ್ತು. ಸಂತೆಯ ಪ್ರಸಂಗಕ್ಕೆ ಮೊದಲು ಅವು ಹೀಗಿದ್ದವು:

‘ಇಬ್ಬರು ಹೊರುವ ಕೇಸಿಂಗ್ ಪೈಪನ್ನು ಅವನೊಬ್ಬನೇ ಹೆಗಲಿಗೇರಿಸಿಕೊಂಡು ಕೆರೆ ಏರಿ ಹತ್ತಿ ಬಂದ. ಪಕ್ಕದ ಗುಡಿಸಲಿನಲ್ಲಿ ಮಗು ಮಲಗಿತ್ತು. ಪೈಪನ್ನು ಸದ್ದಾಗದಂತೆ ನೆಲಕ್ಕಿಳಿಸಿದ.’

— ಸಂಪಾದಕ